ಎರಡನೆಯ ಹಾಸಿಗೆ

ಸಾಮಾನ್ಯವಾಗಿ ಆಪರೇಷನ್‌ಗೆಂದು ಆಸ್ಪತ್ರೆ ಸೇರುವವರು ಕಾಯಿಲೆಯವರು. ಮೂತ್ರಪಿಂಡದ ಕಸಿ ಹಾಗಲ್ಲ. ಅದಕ್ಕೆ ಬಹಳ ಸಲ ಎರಡು ಹಾಸಿಗೆಗಳು ಬೇಕಾಗುತ್ತವೆ. ಒಂದರಲ್ಲಿ ರೋಗಿ, ಇನ್ನೊಂದರಲ್ಲಿ ಯಾವ ರೋಗವೂ ಇಲ್ಲದೆ ತಾವಾಗಿ ಬಂದು ಮಲಗಿದವರು. ಊರಿನವರು, ನೆಂಟರು ಎಲ್ಲರೂ ವಿಚಾರಿಸುವುದು ಮೊದಲನೆಯ ಹಾಸಿಗೆಯವರನ್ನು. ಎರಡನೆಯ ಹಾಸಿಗೆಯವರ ಮನೆಯಲ್ಲಿ ಒಲೆ ಹೊತ್ತಿತೇ ಎಂದು ಕೇಳುವವರು ಕಡಿಮೆ.

ಹಾಸನ ಜಿಲ್ಲೆಯ ನಮ್ಮ ಸಣ್ಣ ಊರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಗೆಳೆಯನಿಗೆ 2022ರಲ್ಲಿ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ 3 ದಿನ, ದಿನಕ್ಕೆ 4 ಗಂಟೆ ಡಯಾಲಿಸಿಸ್. ಯಂತ್ರ ರಕ್ತವನ್ನು ಶುದ್ಧಿ ಮಾಡಿಕೊಡುತ್ತದೆ, ನಿಜ. ಆದರೆ ಹಗಲು ರಾತ್ರಿ ಬಿಡುವಿಲ್ಲದೆ ದುಡಿಯುವ ಅಂಗದ ಕೆಲಸವನ್ನು ಅದು ವಾರದ 12 ಗಂಟೆಗಳಲ್ಲಿ ಪೂರ್ತಿ ಮಾಡಲಾರದು. ಕುಡಿಯುವ ನೀರನ್ನೂ ಅಳೆದು ಕುಡಿಯಬೇಕಾದ ಬದುಕು ಅವನದಾಯಿತು. ಶಾಲೆಯ ಸಹೋದ್ಯೋಗಿಗಳು ಅವನ ಪೀರಿಯಡ್‌ಗಳನ್ನು ಹಂಚಿಕೊಂಡರು. ಡಯಾಲಿಸಿಸ್ ದಿನಗಳಲ್ಲಿ ಜೊತೆಗೆ ಹೋಗಲು ನಾವು ಸರದಿ ಹಾಕಿಕೊಂಡೆವು. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದರು. ಹೆಡ್ ಮಾಸ್ಟರು ಪೈಸೆ ಪೈಸೆಗೂ ಲೆಕ್ಕ ಬರೆದಿಟ್ಟರು.

ಕಸಿಯೇ ದಾರಿ ಎಂದು ವೈದ್ಯರು ಹೇಳಿದ ದಿನ, ಗೆಳೆಯನ ಜೊತೆ ಕೆಲಸ ಮಾಡುವ ಮೇಷ್ಟ್ರೊಬ್ಬರು "ನನ್ನದೇ ಒಂದು ಕೊಡ್ತೀನಿ" ಎಂದುಬಿಟ್ಟರು. ಮನಸ್ಸು ದೊಡ್ಡದು, ಆದರೆ ಕಾಯಿದೆಯ ಬಾಗಿಲು ಕಿರಿದು. 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ಬದುಕಿರುವಾಗ ಅಂಗ ಕೊಡಲು ಮೊದಲ ಅವಕಾಶ ಹತ್ತಿರದ ಬಂಧುಗಳಿಗೆ: ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಉಳಿದವರು ಕೊಡಬೇಕಾದರೆ ಅಧಿಕೃತ ಸಮಿತಿಯೊಂದು ಒಪ್ಪಬೇಕು. ಪ್ರೀತಿಯಿಂದ ಕೊಡುತ್ತಿದ್ದಾರೆಯೇ, ಹಣದ ವ್ಯವಹಾರವೇ ಎಂದು ಅದು ಶೋಧಿಸುತ್ತದೆ. ಈ ಬಿಗಿಗೆ ಕಾರಣವಿದೆ. 1990ರ ದಶಕದ ಆರಂಭದಲ್ಲಿ ಬೆಂಗಳೂರು, ಮದ್ರಾಸುಗಳಲ್ಲಿ ಸಾಲದ ಹೊರೆ ಹೊತ್ತ ಬಡವರ ಮೂತ್ರಪಿಂಡಗಳು ಹಣಕ್ಕೆ ಮಾರಾಟವಾಗಿದ್ದವು.

ಕೊನೆಗೆ ಕೊಟ್ಟವರು ಗೆಳೆಯನ ಅಕ್ಕ. ಮನೆಯ ಹೊರ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಇಬ್ಬರು ಮಕ್ಕಳನ್ನು ಓದಿಸುತ್ತಿರುವವರು. ರಕ್ತದ ಗುಂಪು ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು. ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ತಾಯಿ, ಹೆಂಡತಿ, ಅಕ್ಕತಂಗಿಯರು ಕೊಡುವುದು ಸಹಜ, ಕೊಡದಿದ್ದರೆ ತಪ್ಪು ಎಂಬ ಮಾತು ಬಾಯಿಗೆ ಬರದಿದ್ದರೂ ಮನೆಯ ಗಾಳಿಯಲ್ಲಿ ಇರುತ್ತದೆ. ಅದಕ್ಕೇ 2014ರ ನಿಯಮಗಳು, ಕೊಡುವವರು ಹೆಂಗಸಾಗಿದ್ದರೆ ಹೆಚ್ಚು ಎಚ್ಚರ ವಹಿಸಬೇಕು, ಅವರ ಸ್ವಂತ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೊಬ್ಬರಿಂದ ಖಚಿತ ಮಾಡಿಕೊಳ್ಳಬೇಕು ಎನ್ನುತ್ತವೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರು ಅಕ್ಕನನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಿದರು. ಹೊರಗೆ ಬಂದ ಅಕ್ಕ ನಮಗೆ ಹೇಳಿದ್ದು ಇಷ್ಟು: "ನೀವು ಬೇಡ ಅಂದ್ರೂ ಯಾರೂ ಏನೂ ಅನ್ನಬಾರದು, ಅನ್ನೋ ಹಾಗೂ ಇಲ್ಲ ಅಂದ್ರು ಡಾಕ್ಟರಮ್ಮ. ಆಮೇಲೇ ನಂಗೆ ಕೊಡೋಕೆ ಧೈರ್ಯ ಬಂದಿದ್ದು."

ಆಪರೇಷನ್ 2023ರ ಮೇ ತಿಂಗಳಿಗೆ ಗೊತ್ತಾಯಿತು. ಅದರ ಸಿದ್ಧತೆಗೆಂದು ಶಾಲೆಯಲ್ಲಿ ಸೇರಿದ್ದಾಗ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಹೆಡ್ ಮಾಸ್ಟರನ್ನು ಕೇಳಿದಳು: "ಸಾರ್, ಟೈಲರ್ ಆಂಟಿ ಹತ್ರ ನಮ್ಮೆಲ್ಲರ ಯೂನಿಫಾರಂ ಬಟ್ಟೆ ಇದೆ. ಅವರ ಕೆಲಸ ಯಾರು ಮಾಡ್ತಾರೆ?" ಸಭೆ ಒಂದು ಕ್ಷಣ ಮೌನವಾಯಿತು. ಹೊಟ್ಟೆಗೆ ಆಪರೇಷನ್ ಆದವರು ಕೆಲವು ವಾರ ನೀರಿನ ಕೊಡ ಎತ್ತಬಾರದು, ಮೆಷಿನ್ ತುಳಿಯಬಾರದು. ಮೇ ಕೊನೆಯೆಂದರೆ ವರ್ಷದಲ್ಲೇ ಅವರಿಗೆ ಹೆಚ್ಚು ದುಡಿಮೆಯ ಕಾಲ.

ಅಂಗ ಕೊಡುವವರಿಗೆ ಹಣ ಕೊಟ್ಟರೆ ಅಪರಾಧವಾದೀತೇ ಎಂಬ ಅಳುಕು ಕೆಲವರಿಗಿತ್ತು. ವಿಚಾರಿಸಿದೆವು. ಅಂಗಕ್ಕೆ ಬೆಲೆ ಕಟ್ಟುವುದು ಶಿಕ್ಷಾರ್ಹ. ಆದರೆ ದಾನಿಗೆ ನೇರವಾಗಿ ಆಗುವ ಖರ್ಚು, ತಪ್ಪಿಹೋಗುವ ಸಂಪಾದನೆ ಇವುಗಳನ್ನು ತುಂಬಿಕೊಡುವುದು ಕಾಯಿದೆಯ ಅರ್ಥದಲ್ಲಿ ಬೆಲೆಯಲ್ಲ. ಪಕ್ಕದ ಬೀದಿಯ ಇಬ್ಬರು ಹೊಲಿಗೆಯವರು ಬಟ್ಟೆಗಳನ್ನು ಹಂಚಿಕೊಂಡು ಹೊಲಿದು, ಕೂಲಿಯನ್ನು ಅಕ್ಕನ ಮನೆಗೆ ಮುಟ್ಟಿಸಿದರು. ಆರು ವಾರ ನೀರು, ಅಡಿಗೆ, ಮಕ್ಕಳ ಬಸ್ಸು ಎಲ್ಲಕ್ಕೂ ಒಂದು ಪಟ್ಟಿ ಸಿದ್ಧವಾಯಿತು.

ಕೊಟ್ಟವರ ಗತಿಯೇನು ಎಂಬ ಭಯ ಈ ಚಿಕಿತ್ಸೆಯಷ್ಟೇ ಹಳೆಯದು. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಮೊದಲ ಯಶಸ್ವೀ ಮೂತ್ರಪಿಂಡ ಕಸಿ ನಡೆಸಿದರು. ಪಡೆದವರು ರಿಚರ್ಡ್ ಹೆರಿಕ್, ಕೊಟ್ಟವರು ಅವರ ಅವಳಿ ಸೋದರ ರೊನಾಲ್ಡ್. ಏನೂ ಆಗದ ಮನುಷ್ಯನ ಮೈಗೆ ಕತ್ತಿ ಹಾಕುವುದು ಸರಿಯೇ ಎಂದು ವೈದ್ಯರೇ ತಳಮಳಗೊಂಡಿದ್ದರು. ರಿಚರ್ಡ್ ಮುಂದೆ 8 ವರ್ಷ ಬದುಕಿದರು. ರೊನಾಲ್ಡ್ ಗಣಿತದ ಅಧ್ಯಾಪಕರಾಗಿ, ಒಂದೇ ಮೂತ್ರಪಿಂಡದಲ್ಲಿ 56 ವರ್ಷ ಬಾಳಿ, 2010ರಲ್ಲಿ ತೀರಿಕೊಂಡರು. ಮರ್ರೆಯವರಿಗೆ 1990ರಲ್ಲಿ ನೊಬೆಲ್ ಬಂತು. ಒಂದನ್ನು ಕೊಟ್ಟ ಮೇಲೆ ಉಳಿದದ್ದು ತನ್ನ ದುಡಿಮೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಆದರೂ ದಾನಿ ವರ್ಷಕ್ಕೊಮ್ಮೆ ರಕ್ತದೊತ್ತಡ, ಮೂತ್ರ, ರಕ್ತದ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಗೆಳೆಯನೋ, ಹೊಸ ಅಂಗವನ್ನು ಮೈ ತಿರಸ್ಕರಿಸದಂತೆ ಜೀವನಪರ್ಯಂತ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕು. ಅವನ ಮಾತ್ರೆಯ ಹೊತ್ತನ್ನು ಹೆಂಡತಿ ನೆನಪಿಸುತ್ತಾರೆ. ಅಕ್ಕನ ಪರೀಕ್ಷೆಯ ದಿನವನ್ನು ನೆನಪಿಸುವ ಕೆಲಸ ಅವನದು.

ಪ್ರತಿ ರೋಗಿಗೂ ಅಂಥ ಅಕ್ಕ ಇರುವುದಿಲ್ಲ. ಇದ್ದರೂ ಅವರೇ ಕೊಡಬೇಕಾದ ಸ್ಥಿತಿ ಕಡಿಮೆಯಾಗಬೇಕಾದರೆ ಇನ್ನೊಂದು ದಾರಿ ಅಗಲವಾಗಬೇಕು. ಮೆದುಳು ನಿಷ್ಕ್ರಿಯವಾಗಿ ಮತ್ತೆ ಬದುಕುವ ಆಸೆಯೇ ಇಲ್ಲವೆಂದಾಗ 4 ಮಂದಿ ವೈದ್ಯರ ತಂಡ ಕನಿಷ್ಠ 6 ಗಂಟೆಗಳ ಅಂತರದಲ್ಲಿ 2 ಸಲ ಪರೀಕ್ಷಿಸಿ ಅದನ್ನು ಖಚಿತಪಡಿಸುತ್ತದೆ. ಆಗ ಮನೆಯವರು ಒಪ್ಪಿದರೆ ಎರಡು ಮೂತ್ರಪಿಂಡ, ಯಕೃತ್ತು, ಹೃದಯ, ಶ್ವಾಸಕೋಶಗಳು ಬೇರೆ ಬೇರೆ ಜೀವಗಳಿಗೆ ಆಸರೆಯಾಗಬಲ್ಲವು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಿಂದ ನಟ ಸಂಚಾರಿ ವಿಜಯ್ ಅವರ ಮೆದುಳು ನಿಷ್ಕ್ರಿಯವಾದಾಗ ಅವರ ಮನೆಯವರು ಮಾಡಿದ್ದು ಇದನ್ನೇ. ಕರ್ನಾಟಕದಲ್ಲಿ ಇಂಥ ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುವ ಸಂಸ್ಥೆ 'ಜೀವಸಾರ್ಥಕತೆ'.

ಮೊದಲೇ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದರೂ ಆ ಗಳಿಗೆಯಲ್ಲಿ ಆಸ್ಪತ್ರೆಯವರು ಕೇಳುವುದು ಮನೆಯವರನ್ನು. ದುಃಖದ ಗಳಿಗೆಯಲ್ಲಿ ಮೊದಲ ಬಾರಿ ಕೇಳಿದರೆ ಯಾರ ಬಾಯಲ್ಲೂ ಉತ್ತರ ಹೊರಡುವುದಿಲ್ಲ. ಆದ್ದರಿಂದ ಮಕ್ಕಳೇ, ಒಂದು ದಿನ ಊಟಕ್ಕೆ ಕುಳಿತಾಗ ಈ ವಿಷಯವನ್ನು ಅಪ್ಪ, ಅಮ್ಮನ ಮುಂದೆ ಎತ್ತಿ. ತಂದೆ ತಾಯಿಯರೇ, "ಅಶುಭ ಮಾತಾಡಬೇಡ" ಎಂದು ಗದರದೆ ಕೇಳಿಸಿಕೊಳ್ಳಿ, ನಿಮ್ಮ ಇಷ್ಟವನ್ನೂ ಹೇಳಿ. ಮನೆಯಲ್ಲಿ ಒಮ್ಮೆ ಬಾಯಿಬಿಟ್ಟು ಆಡಿದ ಮಾತು, ಎಲ್ಲೋ ಯಾರದೋ ಅಕ್ಕ ಎರಡನೆಯ ಹಾಸಿಗೆಯಲ್ಲಿ ಮಲಗುವುದನ್ನು ತಪ್ಪಿಸಬಲ್ಲದು.