ಕಪಾಟಿನ ಕೀಲಿ

ಚಂದಗುಳಿಯ ಘಂಟೆ ಗಣಪತಿಗೆ ಹೋದವರಿಗೆ ಗೊತ್ತು, ಅಲ್ಲಿ ದೇವರಿಗಿಂತ ಮೊದಲು ಕಣ್ಣಿಗೆ ಬೀಳುವುದು ಘಂಟೆಗಳು. ಹರಕೆ ಹೊತ್ತವರು ಕೆಲಸ ಕೈಗೂಡಿದ ಮೇಲೆ ತಂದು ಕಟ್ಟಿದವು. ಕಳೆದ ವರ್ಷ ಮಳೆ ಹಿಡಿಯುವ ಮುಂಚೆ ಅಲ್ಲಿ ಪ್ರದಕ್ಷಿಣೆ ಮುಗಿಸಿ ನಿಂತಿದ್ದೆ. ಹಿಂದಿನಿಂದ ಯಾರೋ ಕರೆದರು.

“ಅಕ್ಕೋರೇ, ಗುರ್ತು ಸಿಗ್ಲಿಲ್ವಾ?”

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು. ತಿರುಗಿ ನೋಡಿದೆ. ಆರೇಳು ವರ್ಷದ ಹುಡುಗನ ಕೈ ಹಿಡಿದುಕೊಂಡು ನಿಂತಿದ್ದಳು. ಗುರುತು ಸಿಕ್ಕಿತು. ಜೊತೆಗೆ ಇಪ್ಪತ್ತು ವರ್ಷದ ಹಿಂದಿನ ಒಂದು ನಾಚಿಕೆಯೂ ನೆನಪಾಯಿತು.

ಆಗ ನಾನಿದ್ದದ್ದು ಯಲ್ಲಾಪುರದ ಕಾಡಿನ ಅಂಚಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿದ್ದಿಗಳು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದವರ ಸಂತತಿ. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಬಹಳ ಮಂದಿ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳಲ್ಲಿ ಇವರ ಮನೆಗಳಿವೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಮನೆಯಲ್ಲಿ ಆಡುವುದು ಕೊಂಕಣಿ ಬೆರೆತ ನುಡಿ. ಕನ್ನಡ ಅವರಿಗೆ ಶಾಲೆಯ ಭಾಷೆ.

ಶಾಲೆಯಲ್ಲಿ ಒಂದು ಕಬ್ಬಿಣದ ಕಪಾಟು ಇತ್ತು. ಒಳಗೆ ಸರ್ಕಾರದಿಂದ ಬಂದ ಕಥೆಪುಸ್ತಕಗಳು. ಕೀಲಿ ನನ್ನ ಚೀಲದಲ್ಲಿ. ಪುಸ್ತಕ ಹರಿದರೆ, ಕಳೆದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡಬೇಕಾದವಳು ನಾನು. ಹಾಗಾಗಿ ವರ್ಷಕ್ಕೊಮ್ಮೆ ಧೂಳು ಹೊಡೆದು, ಎಣಿಸಿ, ಮತ್ತೆ ಬೀಗ ಹಾಕುತ್ತಿದ್ದೆ. ಆ ದಿನ ಎಣಿಸುವಾಗ ನಾಲ್ಕನೇ ಇಯತ್ತೆಯ ಈ ಹುಡುಗಿ ಬಂದು ಒಂದು ಪುಸ್ತಕದ ಹುಲಿಯ ಚಿತ್ರದ ಮೇಲೆ ಬೆರಳಿಟ್ಟಳು. “ಮೊದಲು ಕೈ ತೊಳ್ಕೊಂಡು ಬಾ” ಎಂದೆ. ಹೋದಳು. ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ. ಅವಳ ಕೈ ಕೊಳೆಯಾಗಿತ್ತೇ ಎಂದು ಆಮೇಲೆ ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ನಾನು ಆ ಕೈಯನ್ನು ನೋಡಿಯೇ ಇರಲಿಲ್ಲ.

ಆಟಿಯ ಮಳೆಯಲ್ಲಿ ಒಂದು ದಿನ ಹಳ್ಳ ತುಂಬಿ ಅರ್ಧ ಮಕ್ಕಳು ಬರಲಿಲ್ಲ. ಕರೆಂಟಿಲ್ಲ, ಹಲಗೆ ಕಾಣುವುದಿಲ್ಲ. ಹೊತ್ತು ಹೋಗಲೆಂದು ಕಪಾಟು ತೆಗೆದು ಅದೇ ಹುಲಿಯ ಪುಸ್ತಕ ಗಟ್ಟಿಯಾಗಿ ಓದಿದೆ. ಮಗಳ ಮನೆಗೆ ಹೊರಟ ಅಜ್ಜಿಯನ್ನು ಹುಲಿ ಅಡ್ಡಗಟ್ಟುವ ಕಥೆ. ಒಂದನೇ ಇಯತ್ತೆಯ ಮಕ್ಕಳು ಪಿಳಿಪಿಳಿ ನೋಡುತ್ತಿದ್ದವು. ಆಗ ಹಿಂದಿನಿಂದ ಈ ಹುಡುಗಿ ತಮ್ಮ ನುಡಿಯಲ್ಲಿ ಅವರಿಗೆ ಹೇಳತೊಡಗಿದಳು. ಹುಲಿ ‘ವಾಗ್’ ಆಯಿತು. ಅಜ್ಜಿ ಮಗಳ ಮನೆ ಬಿಟ್ಟು, ಜೇನು ಮಾರಲು ಯಲ್ಲಾಪುರದ ಸಂತೆಗೆ ಹೊರಟಳು. ಹುಲಿ ಕಾದು ಕೂತದ್ದು ನಮ್ಮದೇ ಹಳ್ಳದ ಸಂಕದ ಹತ್ತಿರ! ಮಕ್ಕಳು ಕಿರುಚಿದವು, ನಕ್ಕವು. ಕಥೆ ಮುಗಿದ ಮೇಲೆ ಒಬ್ಬ ಪೋರ ಪುಸ್ತಕ ಎಳೆದುಕೊಂಡು, ಸಂಕ ಎಲ್ಲಿದೆ ಎಂದು ಹಾಳೆ ಮಗುಚಿ ಹುಡುಕಿದ.

ಮರುದಿನದಿಂದ ಕೀಲಿ ಗೋಡೆಯ ಮೊಳೆಯ ಮೇಲೆ. ವರ್ಷ ಮುಗಿಯುವಾಗ ಪುಸ್ತಕಗಳು ಹರಿದಿದ್ದವು, ಎರಡು ಕಳೆದೂ ಹೋಗಿದ್ದವು. ಅದರ ದುಡ್ಡು ನಾನೇ ತುಂಬಿದೆ.

ಮಕ್ಕಳು ಓದುವುದಿಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ಓದಿಗೆ ಮುಂಚೆ ಕಥೆ ಕಿವಿಗೆ ಬೀಳಬೇಕು, ಅದೂ ಮನೆಯ ಮಾತಿನಲ್ಲಿ ಎಂಬುದು ನನಗೆ ಆ ಮಳೆಯಲ್ಲಿ ತಿಳಿಯಿತು. ನಮ್ಮ ತಾಲೂಕಿನವರೇ ಅದನ್ನು ಎಂದೋ ತೋರಿಸಿಕೊಟ್ಟಿದ್ದರು. ಎಂಬತ್ತರ ದಶಕದಲ್ಲಿ ಮಂಚಿಕೇರಿಯ ಸಿದ್ದಿಗಳು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ‘ಕಪ್ಪು ಜನ ಕೆಂಪು ನೆರಳು’ ಆಡಿದರು. ಅದರ ಮೂಲ ನೈಜೀರಿಯಾದ ಚಿನುವಾ ಅಚಿಬೆಯ 1958ರ ಕಾದಂಬರಿ. ಪುಸ್ತಕವನ್ನೇ ಮುಟ್ಟದವರಿಗೂ, ಹಿರಿಯರು ಬಿಟ್ಟುಬಂದ ಖಂಡದ ಒಂದು ದೊಡ್ಡ ಕಥೆ ಹೀಗೆ ರಂಗದ ಮೇಲಿಂದ ದಕ್ಕಿತು.

ಅದೇ ಖಂಡದ ಕೆನ್ಯಾದಲ್ಲಿ, ಗಾರಿಸ್ಸಾ ಸುತ್ತಿನ ಒಣನೆಲದಲ್ಲಿ, 1996ರಿಂದ ಒಂಟೆಗಳ ಮೇಲೆ ಪುಸ್ತಕ ಹೇರಿಕೊಂಡು ಹೋಗುತ್ತಾರೆ. ಅಲೆಮಾರಿಗಳ ಮಕ್ಕಳು ಗ್ರಂಥಾಲಯಕ್ಕೆ ಬರಲಾರರೆಂದು ಗ್ರಂಥಾಲಯವೇ ಹೊರಟಿತು. ನಮ್ಮಲ್ಲೂ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿದವರೇ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಒಳ್ಳೆಯ ಕೆಲಸ. ಆದರೆ ನಮ್ಮದು ಒಂದು ಮನೆಗೂ ಇನ್ನೊಂದಕ್ಕೂ ಗುಡ್ಡ ಅಡ್ಡ ಇರುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏಳು ವರ್ಷದ ಮಗು ಪುಸ್ತಕಕ್ಕಾಗಿ ಹಳ್ಳ ದಾಟಿ ಹೋಗಲಿ ಎನ್ನಲಾಗದು. ಯಾರಾದರೂ ಹೊತ್ತು ತರಬೇಕು, ಕೂತು ಓದಿ ಹೇಳಬೇಕು.

ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಮಾತಾಡಿದೆವು. ಕೈ ತೊಳೆಯಲು ಕಳಿಸಿದ್ದನ್ನೂ ನಾನೇ ಎತ್ತಿದೆ. “ನೆನಪಿದೆ” ಎಂದಳು. ಅಷ್ಟೇ. ಆಮೇಲೆ ಮಗನ ತಲೆ ನೇವರಿಸುತ್ತ, “ಇವ ಈಗ ಅದೇ ಶಾಲೆ. ಕಪಾಟಿಗೆ ಬೀಗ ಇದ್ಯಂತೆ. ಕೀಲಿ ಯಾರ ಹತ್ರ ಅದೆ ಅಕ್ಕೋರೇ?” ಎಂದು ಕೇಳಿದಳು.

ವರ್ಗಾವಣೆಯಾದ ದಿನ ಕೀಲಿಯನ್ನು ರಿಜಿಸ್ಟರ್ ಜೊತೆಗೇ ಸಹಿ ಹಾಕಿಸಿಕೊಂಡು ಒಪ್ಪಿಸಿದ್ದೆ. ಮೊಳೆಯ ಸಂಗತಿ ಹೇಳಲು ಮರೆತಿದ್ದೆ.

ಈಗ ನಿವೃತ್ತಳು. ಶನಿವಾರ ಬೆಳಗ್ಗೆ ಆ ಶಾಲೆಗೆ ಹೋಗುತ್ತೇನೆ. ಈಗಿನ ಮಾಸ್ತರು ಬೇಡವೆನ್ನಲಿಲ್ಲ. ಕೀಲಿ ಕೈಗಿಟ್ಟು “ಲೆಕ್ಕ ಮಾತ್ರ ನೋಡ್ಕೊಳ್ಳಿ” ಎಂದರು, ಹಿಂದೆ ನಾನೂ ಹಾಗೇ ಹೇಳುತ್ತಿದ್ದೆ. ನಾನು ಕನ್ನಡದಲ್ಲಿ ಓದುತ್ತೇನೆ. ಕೂಲಿಗೆ ಹೋಗದ ಶನಿವಾರ ಅವಳೂ ಬರುತ್ತಾಳೆ, ತಮ್ಮ ಮಾತಿನಲ್ಲಿ ಹೇಳುತ್ತಾಳೆ. ಅವಳು ಬಾರದ ದಿನ ಮಕ್ಕಳು ಬಾಗಿಲ ಕಡೆ ನೋಡುತ್ತವೆ. ಇಷ್ಟು ವರ್ಷ ಅವರ ನಡುವೆ ಇದ್ದೂ ಆ ನುಡಿ ನಾನು ಕಲಿಯಲಿಲ್ಲ. ಈಗ ಅವಳ ಮಗ ಕಲಿಸುತ್ತಿದ್ದಾನೆ, ದಿನಕ್ಕೊಂದು ಶಬ್ದ.