ಒಳಲೆ, ಗಂಜಿ, ಗುಟುಕು ನೀರು

ಕುಕನೂರಿನ ನಮ್ಮ ಮನೆಯಲ್ಲಿ ಊಟದ ನಡುವೆ ಯಾರಾದರೂ ಕೆಮ್ಮಿದರೆ ಅವ್ವ ನೆತ್ತಿ ತಟ್ಟಿ, "ಯಾರೋ ನೆನಸಾಕತ್ತಾರ" ಅನ್ನುತ್ತಾಳೆ. ನೀರು ತಪ್ಪಿ ಹೋಗುವುದು ಉಸಿರಿನ ದಾರಿಗೆ, ತಟ್ಟುವುದು ನೆತ್ತಿಯನ್ನು. ಭಾಷಾವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು, ಕಳೆದ ವರ್ಷ ಅಜ್ಜಿಗೆ ಲಕ್ವಾ ಹೊಡೆಯುವವರೆಗೆ. ಅಕ್ಕ ಬಾಣಂತನಕ್ಕೆ ಬಂದದ್ದೂ ಅದೇ ಹೊತ್ತಿಗೆ.

ಕೂಸು ಗರ್ಭದಲ್ಲೇ ಸುತ್ತಲಿನ ನೀರನ್ನು ನುಂಗಿ ನುಂಗಿ ಕಲಿತು ಬಂದಿರುತ್ತದೆ. ಅದರ ಧ್ವನಿಪೆಟ್ಟಿಗೆ ಕುತ್ತಿಗೆಯಲ್ಲಿ ಬಹಳ ಮೇಲಿರುತ್ತದೆ, ನಾಲಗೆಯೇ ಬಾಯಿ ತುಂಬಿರುತ್ತದೆ. ಚೀಪು, ನುಂಗು, ಉಸಿರಾಡು: ಇಷ್ಟೇ ತಾಳ. ಕೂಸು ನುಂಗುತ್ತಲೇ ಉಸಿರಾಡಬಲ್ಲದು ಎಂಬ ಮಾತಿದೆ. ಹಾಗಲ್ಲ, ಪ್ರತಿ ಗುಟುಕಿಗೂ ಉಸಿರು ಕ್ಷಣಹೊತ್ತು ನಿಲ್ಲುತ್ತದೆ. ಮೂರನೇ ತಿಂಗಳಿಗೇ ಓಣಿಯ ಆಯಿಯೊಬ್ಬರು ಒಳಲೆಯಲ್ಲಿ ಗಂಜಿ ಹಾಕಲು ಬಂದರು. ಕೂಸು ನಾಲಗೆಯಿಂದ ಹೊರಗೆ ತಳ್ಳಿತು. "ಸೊಕ್ಕು ನೋಡವ್ವಾ ಇದರದು" ಎಂದು ನಕ್ಕರು. ಸೊಕ್ಕಲ್ಲ, ಕಾವಲು. ಗಟ್ಟಿಯಾದದ್ದನ್ನು ಹೊರದಬ್ಬುವ ಈ ಸಹಜ ಪ್ರತಿಕ್ರಿಯೆ ನಾಲ್ಕರಿಂದ ಆರು ತಿಂಗಳಲ್ಲಿ ಮಾಸುತ್ತದೆ.

ಆಮೇಲೆ ಹಲ್ಲು, ಅಗಿಯುವುದು. ಮುಂದಕ್ಕೆ ತಳ್ಳುತ್ತಿದ್ದ ನಾಲಗೆ ಮೇಲಿನ ಹಲ್ಲಿನ ಹಿಂದೆ ಆನಿಕೊಂಡು ತುತ್ತನ್ನು ಹಿಂದಕ್ಕೆ ದೂಡಲು ಕಲಿಯುತ್ತದೆ. ಧ್ವನಿಪೆಟ್ಟಿಗೆ ವರ್ಷಗಟ್ಟಲೆ ನಿಧಾನವಾಗಿ ಕೆಳಗಿಳಿಯುತ್ತದೆ. ನಾಲಗೆಯ ಹಿಂದೆ ಜಾಗವಾಗಿ ಅ, ಇ, ಉ ಬೇರೆ ಬೇರೆಯಾಗಿ ಕೇಳುವುದಕ್ಕೆ ಇದೂ ನೆರವಾಗುತ್ತದೆ. ನನ್ನ ಓದಿನ ಬಹುಪಾಲು ನಿಂತಿರುವುದು ಈ ಜಾಗದ ಮೇಲೆಯೇ ಅನ್ನಬಹುದು. ಆದರೆ ಅನ್ನವೂ ಉಸಿರೂ ಅಲ್ಲಿ ಒಂದೇ ಓಣಿಯಲ್ಲಿ ಹಾಯಬೇಕು. ನಾವು ನುಂಗಿದ ಪ್ರತಿ ಕಣವೂ ಶ್ವಾಸನಾಳದ ಬಾಯಿಯನ್ನು ದಾಟಿಯೇ ಹೋಗಬೇಕಾದ ಈ ವಿಚಿತ್ರವನ್ನು ಡಾರ್ವಿನ್ 1859ರಲ್ಲೇ ಗಮನಿಸಿದ್ದ.

ಅಜ್ಜಿ ಮೆತ್ತಗಿನ ನವಣೆ ಅನ್ನ ನುಂಗುತ್ತಿದ್ದಳು, ನೀರಿಗೆ ಕೆಮ್ಮುತ್ತಿದ್ದಳು. ನೋಡಲು ಬಂದವರಿಗೆ ಇದು ನಂಬಿಕೆಯಾಗುತ್ತಿರಲಿಲ್ಲ. ಮಲಗಿದವಳ ಬಾಯಿಗೇ ಚಮಚದಲ್ಲಿ ನೀರು ಬಿಡುತ್ತಿದ್ದರು. ನೀರು ಓಡುತ್ತದೆ, ಸೋತ ಗಂಟಲು ಮುಚ್ಚಿಕೊಳ್ಳುವ ಮೊದಲೇ ಒಳಗಿಳಿಯುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ನೇರ ನ್ಯುಮೋನಿಯಾ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗೂ ಚಿಕಿತ್ಸೆ ಇದೆ. ಕುಕನೂರಿನಿಂದ ಅದು ರಾಜ್ಯದ ಇನ್ನೊಂದು ತುದಿ. ಕೊನೆಗೆ ಹತ್ತಿರದ ಊರಲ್ಲೇ ಸಿಕ್ಕ ಸ್ಪೀಚ್ ಥೆರಪಿಸ್ಟ್ ಒಬ್ಬರು ಅಜ್ಜಿಯನ್ನು ಪರೀಕ್ಷಿಸಿ, ನೆಟ್ಟಗೆ ಕೂರಿಸಿ, ಗದ್ದ ತಗ್ಗಿಸಿ, ಮಂದವಾದದ್ದನ್ನೇ ಸ್ವಲ್ಪ ಸ್ವಲ್ಪ ಕೊಡಿ ಎಂದರು.

ಕೂಸು ಈಗ ಗಂಜಿ ಉಣ್ಣುತ್ತದೆ. ಅಜ್ಜಿಗೂ ಅದೇ ಹದ. ಅವಳಿಗೆ ಮಾತು ಪೂರ್ತಿ ತಿರುಗಿಲ್ಲ, ಆದರೂ ಬಿಂದಿಗೆಯತ್ತ ಕೈ ತೋರಿಸಿ ಒಂದು ಶಬ್ದವನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತಾಳೆ: "ನೀರು."