ಗುಳೆ ಹೋದವರ ಮಗ

ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಪಕ್ಕದ ಸೈಟಿನಲ್ಲಿ ಒಬ್ಬಾಕೆ ಮಗನನ್ನು ಕೂಗುತ್ತಿದ್ದಳು. "ಏ ಬಾರೋ ಯಪ್ಪಾ, ರೊಟ್ಟಿ ತಿನ್ನು ಬಾ!" ಬೆಂಗಳೂರಿಗೆ ಬಂದು ಹನ್ನೆರಡು ವರ್ಷ ಆದರೂ ಆ ದನಿ ಕೇಳಿದರೆ ನನ್ನ ಕಾಲು ತಾನೇ ನಿಲ್ಲುತ್ತೆ.

"ಯಕ್ಕಾ, ಯಾವೂರ್ರೀ ನಿಮ್ದು?"

"ಕುಷ್ಟಗಿ ಕಡೇರಿ ಸರ. ನಿಮ್ದ್ರೀ?"

"ಇಲ್ಲೇ, ಬೆಂಗಳೂರು" ಅಂದುಬಿಟ್ಟೆ.

ಲಿಫ್ಟು ನಮ್ಮ ಫ್ಲೋರು ಮುಟ್ಟುವಷ್ಟರಲ್ಲಿ ನಾಚಿಕೆಯಾಯಿತು. ನಾನು ಯಲಬುರ್ಗಾ ತಾಲ್ಲೂಕಿನವನು. ಆಕೆಯ ಊರಿಗೂ ನನ್ನೂರಿಗೂ ಮಧ್ಯೆ ಇರೋದು ಒಂದಷ್ಟು ಹೊಲ ಮಾತ್ರ.

ನಮ್ಮ ಕಡೆ ಇದಕ್ಕೆ 'ಗುಳೆ' ಅಂತಾರೆ. ಮಳೆ ನಂಬಿದ ಹೊಲ, ಸಜ್ಜೆ, ಜೋಳ. ಸುಗ್ಗಿ ಮುಗಿದರೆ, ಇಲ್ಲಾ ಮಳೆ ಕೈಕೊಟ್ಟರೆ, ಕಟಕ ರೊಟ್ಟಿ ಗಂಟು ಕಟ್ಟಿಕೊಂಡು ಮಂಗಳೂರು, ಗೋವಾ, ಬೆಂಗಳೂರು. ಊರಲ್ಲಿ ಉಳಿಯೋರು ಮುದುಕರು, ಸಣ್ಣ ಹುಡುಗರು. ನಾನು ಹಾಗೆ ಉಳಿದ ಹುಡುಗ. ಅಪ್ಪ, ಅವ್ವ ಕೊಪ್ಪಳದಲ್ಲಿ ರೈಲು ಹತ್ತಿ ವಾಸ್ಕೋಗೆ ಹೋಗ್ತಿದ್ದರು. ಅಜ್ಜಿ ನನ್ನ ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕಳಿಸ್ತಿದ್ದಳು. ನನ್ನ ಬಿ.ಇ. ಫೀಸು ಗೋವಾದ ಸಿಮೆಂಟು-ಮರಳಿನಲ್ಲಿ ದುಡಿದದ್ದು.

ಹಾಗಂತ ನಮ್ಮ ಜಿಲ್ಲೆಯಿಂದ ಜನ ಹೋಗಿದ್ದಷ್ಟೇ ಅಲ್ಲ, ಬಂದಿದ್ದಾರೆ ಕೂಡ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಗಂಗಾವತಿ ಸೀಮೆಗೆ ಹರಿಯಿತು. ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು ಭತ್ತ ಹಚ್ಚಿದರು. ಅವರು ಕಟ್ಟಿಕೊಂಡ ಊರುಗಳಿಗೆ ಇವತ್ತಿಗೂ 'ಕ್ಯಾಂಪ್' ಅಂತಲೇ ಹೆಸರು. ಗಂಗಾವತಿ ಭತ್ತದ ಕಣಜವಾಯಿತು. ಎತ್ತರದಲ್ಲಿರೋ ಕುಷ್ಟಗಿ, ಯಲಬುರ್ಗಾಕ್ಕೆ ಆ ಕಾಲುವೆ ಹತ್ತಲಿಲ್ಲ. ನೀರಿದ್ದಲ್ಲಿಗೆ ಜನ ಬಂದರು, ಇಲ್ಲದಲ್ಲಿಂದ ಹೋದರು. ಅಷ್ಟೇ ಲೆಕ್ಕ. ಗೋವಾಕ್ಕೆ ಹೋಗದ ವರ್ಷ ಅವ್ವ ಗಂಗಾವತಿ ಗದ್ದೆಗಳಿಗೆ ನಾಟಿ ಮಾಡೋಕೆ ಹೋಗ್ತಿದ್ದಳು.

ನಮ್ಮದು ಮೊದಲಿನಿಂದಲೂ ಬಿಟ್ಟು ಹೋಗುವ ನಾಡೇನಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಕೊಪಣದ, ಅಂದರೆ ಇವತ್ತಿನ ಕೊಪ್ಪಳದ ಹೆಸರು ಹೇಳುತ್ತೆ. ನಾನು ಮುಚ್ಚಿಟ್ಟ ಭಾಷೆ ಆ ಸೀಮೆಯದು! ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಅದನ್ನು ಕಟ್ಟಿಸಿದ ಮಹಾದೇವ ದಂಡನಾಯಕನ ಹೆಸರು ಶಾಸನದಲ್ಲಿದೆ. ಅಪ್ಪ ಗೋವಾದಲ್ಲಿ ಎಷ್ಟೋ ಹೋಟೆಲುಗಳ ಗೋಡೆ ಎತ್ತಿದ. ಯಾವ ಗೋಡೆಯ ಮೇಲೂ ಅವನ ಹೆಸರಿಲ್ಲ. ಅವನ ಊರಿನ ಹೆಸರು ಹೇಳೋಕೆ ಇದ್ದವನು ನಾನೊಬ್ಬ. ನಾನೂ ಹೇಳಲಿಲ್ಲ.

ಮರುದಿನ ಸಂಜೆ ಕೆಳಗೆ ಹೋದೆ.

"ಯಕ್ಕಾ, ನಿನ್ನೆ ಸುಳ್ಳ ಹೇಳಿದ್ನಿ. ನಂದು ಯಲಬುರ್ಗಿ ತಾಲೂಕ."

ಆಕೆ ನಕ್ಕಳು. "ನಿನ್ನೇನ ಗೊತ್ತಾತ್ರೀ. ಬೆಂಗಳೂರ ಮಂದಿ ನಮಗ ಯಕ್ಕಾ ಅಂತಾರೇನ್ರೀ?"

ಹುಡುಗ ಮರಳಿನ ಗುಡ್ಡೆ ಮೇಲೆ ಕೂತಿದ್ದ. ಎರಡನೇ ಕ್ಲಾಸಂತೆ. ಊರಲ್ಲೇ ಯಾಕೆ ಬಿಡಲಿಲ್ಲ ಅಂತ ಕೇಳಿದೆ.

"ನಮ್ಮತ್ತಿ ಹೋದ ವರ್ಷ ತೀರಿಕೊಂಡ್ಳ್ರೀ. ಯಾರ ಹತ್ರ ಬಿಡೋದು?"

ಅವನಿಗೂ ನನಗೂ ಇರೋ ವ್ಯತ್ಯಾಸ ಒಬ್ಬ ಅಜ್ಜಿ, ಅಷ್ಟೇ.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, ಟಿ.ಸಿ. ಬರೋದು ತಡವಾಯಿತು ಅಂತ ಸರ್ಕಾರಿ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ನಾಳೆ ಅರ್ಧ ದಿನ ರಜೆ ಹಾಕಿದ್ದೇನೆ. ಆಕೆಯ ಜೊತೆ ಶಾಲೆಗೆ ಹೋಗಬೇಕು. ಹುಡುಗನಿಗೆ ನೀವೇನಾಗಬೇಕು ಅಂತ ಹೆಡ್‌ಮಾಸ್ಟರು ಕೇಳಬಹುದು.

ಊರವನು ಅಂತೀನಿ.